ಕಾಕು ಕೊಟ್ಟ ಮಾರ್ಕುಗಳು

ಮುಂಬಯಿ
12 ಜೂನ್ 1974

ಇಂದ್ರಾಬಾಯಿ ಕಾಕೂ ಅವರಿಗೆ, ನಿಮ್ಮ ಮನೆಯ ರೊಟ್ಟಿ ತಿಂದು ಸಾಲಿ ಕಲಿತ ಅಪ್ಪಾಸಾಬನ ಶರಣು.

ನೀವು ದವಾಖಾನೆ ಬಿಟ್ಟು ಊರಿಗೆ ಹೋಗಿ ಎರಡು ತಿಂಗಳಾಯಿತು. ನಮ್ಮ ವಾರ್ಡಿನ ಮರಾಠಿ ನರ್ಸಬಾಯಿ ದಿನಾ ನಿಮ್ಮ ಸುದ್ದಿ ಕೇಳುತ್ತಾರೆ. ಸುದ್ದಿ ಒಂದು ನೆಪ, ಅವರಿಗೆ ಬೇಕಾದದ್ದು ಶೇಂಗಾ ಚಟ್ನಿ. ಕಾಕಾ ಈ ಕಡೆ ಅಂಗಡಿಯ ಮಾಲು ತರಲು ಬಂದರೆ ಒಂದು ಡಬ್ಬಿ ಕಳಿಸಿ, ನನ್ನ ಮಾನ ಉಳಿಯುತ್ತದೆ.

ಈಗ ಕೆಲಸದ ಮಾತು. ನಿಮ್ಮ ಟೊಂಕದ ಸವೆದ ಕೀಲನ್ನು ತೆಗೆದು ಉಕ್ಕಿನ ಗುಂಡು, ಪ್ಲಾಸ್ಟಿಕ್ ಬಟ್ಟಲು ಕೂಡಿಸಿದ್ದೇವಲ್ಲ, ಅದು ಹೇಗೆ ನಡೆದಿದೆ ಎಂದು ಎಕ್ಸ್‌ರೇ ಪೂರ್ತಿ ಹೇಳುವುದಿಲ್ಲ. ನಡೆಯುವವರೇ ಹೇಳಬೇಕು ಎನ್ನುತ್ತಾರೆ ನಮ್ಮ ದೊಡ್ಡ ಡಾಕ್ಟರು. ಅದಕ್ಕಾಗಿ ಎಲ್ಲ ರೋಗಿಗಳಿಗೂ ಆರು ತಿಂಗಳಿಗೊಮ್ಮೆ ಒಂದೇ ಪ್ರಶ್ನೆಗಳನ್ನು ಕಳಿಸುತ್ತೇವೆ. ನೋವು ಎಷ್ಟಿದೆ? ಕುಂಟುತ್ತೀರಾ? ಕೋಲು ಬೇಕೆ? ಎಷ್ಟು ದೂರ ನಡೆಯುತ್ತೀರಿ? ಮೆಟ್ಟಿಲು, ಎಸ್.ಟಿ. ಬಸ್ಸು ಹತ್ತುತ್ತೀರಾ? ಚಪ್ಪಲಿ, ಕಾಲುಚೀಲ (ಮೋಜಾ) ನೀವೇ ಹಾಕಿಕೊಳ್ಳುತ್ತೀರಾ? ಎಷ್ಟು ಹೊತ್ತು ಕೂಡುತ್ತೀರಿ? ನಿಮ್ಮ ಉತ್ತರಗಳಿಗೆ ಇಲ್ಲಿ ನಾನು ಮಾರ್ಕು ಹಾಕುತ್ತೇನೆ. ಒಟ್ಟು ನೂರು.

ನೆಲದ ಮೇಲೆ ಕೂಡಬೇಡಿ. ಚಕ್ಕಳಮಕ್ಕಳ ಹಾಕಲೇಬೇಡಿ, ಗುಂಡು ಜಾರುತ್ತದೆ. ಲಿಂಗಪೂಜೆಯೂ ಕುರ್ಚಿಯ ಮೇಲೆಯೇ. ಜ್ವರ ಬಂದರೆ, ಹೊಲಿಗೆ ಹಾಕಿದ ಜಾಗ ಒದ್ದೆಯಾದರೆ ನನ್ನ ಪತ್ರದ ದಾರಿ ನೋಡದೆ ಬರೆಯಿರಿ.

ನಿಮ್ಮ ಅಪ್ಪಾಸಾಬ


ಡಫಳಾಪುರ
30 ಜೂನ್ 1974

ಚಿರಂಜೀವಿ ಅಪ್ಪಾಸಾಬಗ ಕಾಕೂನ ಆಶೀರ್ವಾದ.

ನಿನ್ನ ಪ್ರಶ್ನೆ ಓದಿ ನಕ್ಕು ಸಾಕಾತು. ಮೆಟ್ಟಲ ಹತ್ತತೀರೇನು ಅಂತ ಕೇಳೀದಿ. ಸೋನ್ಯಾಳದಿಂದ ಬಂದು ಈ ಮನಿಯೊಳಗ ಉಂಡು ಮ್ಯಾಟ್ರಿಕ್ ಆದಾಂವ ನೀ, ಇಲ್ಲೆ ಮೆಟ್ಟಲ ಎಲ್ಲಿ ನೋಡಿದ್ದೆಪ್ಪಾ? ಅಂಗಡಿ ಕಟ್ಟಿಗೆ ಒಂದು ಕಲ್ಲು ಅದ, ಅದನ್ನ ಹತ್ತತೀನಿ. ಮೋಜಾ ಅಂತೂ ಊರಾಗ ಹೆಡ್‌ಮಾಸ್ತರ ಒಬ್ಬರೇ ಹಾಕ್ಕೋತಾರ. ಅವರನ್ನ ಕೇಳಿ ಬರೀಲೇನು?

ಖರೇ ಹೇಳ್ತೀನಿ, ಮುಂಜಾನೆ ಏಳೂವಾಗ ಸ್ವಲ್ಪ ನೋವು ಇರ್ತದ. ಕೋಲು ಇಲ್ಲದ ಬಾವಿ ತನಕ ಹೋಗಿ ಬರ್ತೀನಿ, ಬರೂವಾಗ ಕೊಡಾ ಇರೂದಿಲ್ಲ. ಕುಂಟೂದು ಅದ, ಆದ್ರ ಮೊದಲಿನ ಹಂಗ ಅಲ್ಲ. ನಿನ್ನೆ ಪ್ಯಾಟಿಯೊಳಗ ಹಾಯ್ದು ಹೋದೆ. ನಿನ್ನ ಕಾಕಾ ಅಂಗಡ್ಯಾಗಿಂದ ನೋಡಿ, ತೂಗೂ ತಕ್ಕಡಿ ಹಂಗೇ ಹಿಡಕೊಂಡು ನಿಂತುಬಿಟ್ರು. ಸಕ್ಕರಿ ಎಲ್ಲಾ ಚೆಲ್ಲಿತು. ಮಂದಿ ಮುಂದ ಅತ್ತರೂ ಅಂತ ಬಾಜೂ ಮನಿ ಹಣಮವ್ವ ಹೇಳ್ತಾಳ. ಇವರು ಒಪ್ಪೂದಿಲ್ಲ, ಕಣ್ಣಾಗ ಧೂಳ ಬಿದ್ದಿತ್ತಂತ.

ಕುರ್ಚಿ ಮ್ಯಾಲೆ ಕುಂತು ಲಿಂಗಪೂಜಿ ಮಾಡೂದು ಮನಸ್ಸಿಗೆ ಬರವಲ್ಲದು, ಆದ್ರೂ ಮಾಡ್ತೀನಿ. ಒಂದು ಮಾತು ನಿನಗ ಹೇಳಿದ್ದಿಲ್ಲ. ನಮ್ಮ ಅತ್ತಿ ಇದ್ದಾಗ ನನ್ನ ಸೆಟೆದ ಕಾಲು ನೋಡಿ ಅಂತಿದ್ದರು, "ನಮ್ಮೊಳಗ ಸತ್ತವರನ್ನ ಮಲಗಿಸಿ ಮಣ್ಣು ಕೊಡೂದಿಲ್ಲ, ಕಾಲು ಮಡಚಿ ಕೈಯಾಗ ಲಿಂಗ ಕೊಟ್ಟು ಕುಂಡ್ರಸತೇವಿ. ನಾಳೆ ನಿನ್ನ ಕಾಲು ಮುರದೇ ಕುಂಡ್ರಸಬೇಕಾಗತದ" ಅಂತ. ಅವತ್ತಿಂದ ಅದೊಂದು ಅಂಜಿಕಿ ಎದ್ಯಾಗ ಕುಂತದ. ಈ ಹೊಸಾ ಕೀಲು ಮಡಚತದಲ್ಲಾ ತಮ್ಮಾ? ಈಗ ಬ್ಯಾಡ, ನೀ ಬ್ಯಾಡ ಅಂದ್ರ ಬ್ಯಾಡ. ಕಡೀಕ ಮಡಚಿದ್ರ ಸಾಕು.

ನಿನ್ನ ಕಾಕು


ಮುಂಬಯಿ
20 ಜುಲೈ 1974

ಕಾಕೂ ಅವರಿಗೆ ಶರಣು.

ಕೀಲು ಮಡಚುತ್ತದೆ. ಆ ಹೊತ್ತಿಗೆ ಇನ್ನೂ ಮೂವತ್ತು ವರ್ಷ ಇದೆ, ಈಗ ಅದರ ಮಾತು ಬೇಡ.

ನಿಮಗೆ ನೂರಕ್ಕೆ ಎಂಬತ್ತೆರಡು ಬಂತು! ಸೋಮವಾರದ ಮೀಟಿಂಗಿನಲ್ಲಿ ದೊಡ್ಡ ಡಾಕ್ಟರು ನಿಮ್ಮ ಪತ್ರವನ್ನು ನನ್ನಿಂದಲೇ ಮರಾಠಿಯಲ್ಲಿ ಹೇಳಿಸಿದರು. ಹೆಡ್‌ಮಾಸ್ತರರ ಮೋಜಾ ಕೇಳಿ ಎಲ್ಲರೂ ನಕ್ಕರು. ಆಮೇಲೆ ಅವರು ನನ್ನ ಬೆನ್ನು ತಟ್ಟಿ, "ಅಪ್ಪಾಸಾಬ, ನಿನ್ನ ರೋಗಿಗಳು ಹೀಗೆಯೇ ಮಾರ್ಕು ತಂದರೆ ನಿನ್ನನ್ನು ಇಲ್ಲಿಂದ ಬಿಡುವುದಿಲ್ಲ" ಎಂದರು. ನನ್ನ ನೌಕರಿ ಇನ್ನೂ ಕಚ್ಚಾ ಎಂಬುದು ನಿಮಗೆ ಗೊತ್ತು. ಅಪ್ಪ ಇನ್ನೂ ಮಾಡಗ್ಯಾಳದ ಸಂತೆಗೆ ಕುರಿ ಹೊಡೆದುಕೊಂಡು ಹೋಗುತ್ತಾನೆ. ಕೆಲಸ ಪಕ್ಕಾ ಆದ ದಿನ ಅವನ ಕೈಯ ಕೋಲು ಇಳಿಸಬೇಕು ಎಂದಿದ್ದೇನೆ.

ಆ ದಿನ ನನಗೆ ನಿಮ್ಮ ಅಂಗಳದಲ್ಲಿ ಮ್ಯಾಟ್ರಿಕ್ ರಿಜಲ್ಟ್ ಬಂದಷ್ಟೇ ಸಂತೋಷವಾಯಿತು. ನೀವು ಓಣಿಗೆಲ್ಲ ಸಕ್ಕರೆ ಹಂಚಿದ್ದಿರಿ. ಇಲ್ಲಿ ನಾನು ವಾರ್ಡಿಗೆ ಚಹಾ ಕುಡಿಸಿದೆ.

ನಿಮ್ಮ ಅಪ್ಪಾಸಾಬ


ಡಫಳಾಪುರ
2 ಜನೇವರಿ 1975

ಚಿರಂಜೀವಿ ಅಪ್ಪಾಸಾಬಗ ಆಶೀರ್ವಾದ.

ಈ ಸಲ ಚಂದಾಗಿ ಬರೀತೀನಿ, ನಿನ್ನ ಸಾಹೇಬರ ಮುಂದ ಓದಬೇಕಲ್ಲ. ನೋವು ಇಲ್ಲ. ಕುಂಟೂದು ಇಲ್ಲ. ಕೋಲು ಮೂಲ್ಯಾಗ ಬಿದ್ದದ. ಬ್ಯಾಸರ ಬರೂತನಕ ನಡೀತೀನಿ. ಎಸ್.ಟಿ. ಹತ್ತತೀನಿ, ಇಳೀತೀನಿ.

ಬಾವಿ ನೀರು ಈಗ ನಿನ್ನ ಕಾಕಾ ತರ್ತಾರ. ದಿನಾ ಅಂಗಡ್ಯಾಗ ಕುಂತು ಹೊಟ್ಟಿ ಬಂದಿತ್ತು, ವ್ಯಾಯಾಮ ಆಗಲಿ ಅಂತ ನಾನೇ ಬಿಟ್ಟೀನಿ. ಗಂಡಸು ಕೊಡಾ ಹೊತ್ತಾನಂತ ಓಣಿ ಹೆಂಗಸರು ಬಾಗಿಲಾಗ ನಿಂತು ನೋಡ್ತಾರ. ಇವರಿಗೇನೂ ನಾಚಿಕಿ ಇಲ್ಲ.

ಯಾರ ಮಾತಿಗೂ ಸಿಟ್ಟಿಗೆ ಬರಬ್ಯಾಡ. ನೌಕರಿ ಪಕ್ಕಾ ಆಗೂತನಕ ತಲಿ ತಗ್ಗಿಸಿ ಇರು.

ನಿನ್ನ ಕಾಕು


ಮುಂಬಯಿ
25 ಜನೇವರಿ 1975

ಕಾಕೂ ಅವರಿಗೆ ಶರಣು.

ತೊಂಬತ್ತಾರು! ಮೋಜಾದ ನಾಲ್ಕು ಮಾರ್ಕು ಹೆಡ್‌ಮಾಸ್ತರರ ಪಾಲಿಗೆ ಹೋದವು.

ದೊಡ್ಡ ಡಾಕ್ಟರು ನಮ್ಮ ರೋಗಿಗಳ ಉತ್ತರಗಳನ್ನು ಒಟ್ಟುಮಾಡಿ ಡಾಕ್ಟರರ ದೊಡ್ಡ ಸಭೆಯಲ್ಲಿ ಓದುವವರಿದ್ದಾರೆ. ಅದರಲ್ಲಿ ನಿಮ್ಮದು ಎಲ್ಲಕ್ಕೂ ಮೇಲೆ. ಹೆಸರು ಹೇಳುವುದಿಲ್ಲ, "ಜತ್ ತಾಲೂಕಿನ ಒಬ್ಬ ಹೆಣ್ಣುಮಗಳು" ಎನ್ನುತ್ತಾರೆ. ಕಾಕಾ ನೀರು ಹೊರುವ ಸುದ್ದಿ ಓದಿ ನಾನು ಒಬ್ಬನೇ ನಕ್ಕೆ. ನಿಮ್ಮ ಮಾತು ಎಂದೂ ಮೀರದ ಮನುಷ್ಯ.

ಒಂದೊಂದು ಸಲ ರೋಗಿಗಳು ನಮಗೆ ಬೇಜಾರಾಗಬಾರದೆಂದು ನೋವು ಮುಚ್ಚಿಡುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನನಗೆ ಆ ಚಿಂತೆ ಇಲ್ಲ. ನನ್ನ ಎರಡೂ ಕಿವಿ ಹಿಂಡಿ ನಿಜ ಹೇಳಲು ಕಲಿಸಿದವರು ನೀವೇ.

ನಿಮ್ಮ ಅಪ್ಪಾಸಾಬ


ಡಫಳಾಪುರ
10 ಜುಲೈ 1975

ಚಿರಂಜೀವಿ ಅಪ್ಪಾಸಾಬಗ ಆಶೀರ್ವಾದ.

ಎಲ್ಲಾ ಹೋದ ಸಲದ ಹಂಗೇ ಬರಕೋ. ಮೋಜಾನೂ ಹಾಕ್ಕೋತೀನಿ ಅಂತ ಬರಿ, ನಿನ್ನ ಕಾಕಾ ಸಾಂಗಲಿಯಿಂದ ಒಂದು ಜೋಡಿ ತಂದಾರ. ಥಂಡಿ ಹತ್ತತದಂತ ನಾನೇ ತರಿಸೀನಿ. ಹಂಗಂದ್ರ ನೂರಕ್ಕ ನೂರು ಆತಲ್ಲ?

ರೊಟ್ಟಿ ಈಗ ಬಾಜೂ ಮನಿ ಹಣಮವ್ವ ಬಡದು ಕೊಡ್ತಾಳ. ಅಕಿ ರೊಟ್ಟಿ ದಪ್ಪ ಆಗತಿದ್ದುವು, ಕಲಿಸಬೇಕಲ್ಲ. ನಾ ಹೊರಸಿನ ಮ್ಯಾಲೆ ಕುಂತು ಹೇಳ್ತೀನಿ, ಅಕಿ ಬಡೀತಾಳ. ಗುಡಿಗೆ ಹೋಗೂದು ಬಿಟ್ಟೀನಿ. ಅಲ್ಲಿ ಹೆಂಗಸರ ಚಾಡಿ ಮಾತು ಭಾಳ ಆಗ್ಯಾವ.

ಪತ್ರ ಸಣ್ಣದಾತು ಅಂತ ತಿಳೀಬ್ಯಾಡ. ಮಳಿಗಾಲದ ಜ್ವರ ಊರಿಗೆಲ್ಲಾ ಬಂದಾವ, ನನಗೂ ಸಂಜೀಕ ಬೆಚ್ಚಗ ಆಗತಾವ. ಕಾಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಸಭಾದಾಗ ಸಾಹೇಬರು ಏನಂದ್ರು? ನಿನ್ನ ಹೆಸರು ತಗದ್ರೇನು?

ನಿನ್ನ ಕಾಕು


ಮುಂಬಯಿ
3 ಆಗಸ್ಟ್ 1975

ಕಾಕೂ ಅವರಿಗೆ ಶರಣು.

ನೂರು ಎಂದು ಬರೆದು ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ನಿಮ್ಮ ಅಕ್ಷರಗಳು ಈ ಸಲ ಕೆಳಗೆ ಇಳಿದುಕೊಂಡು ಹೋಗಿವೆ. ಮಲಗಿ ಬರೆದಿರಾ? ಜ್ವರಕ್ಕೆ ಜತ್ತಿನ ಡಾಕ್ಟರಿಗೆ ತೋರಿಸಿ, ಹೊಲಿಗೆಯ ಜಾಗವನ್ನು ಕಾಕಾನಿಂದ ನೋಡಿಸಿ, ಹೇಗಿದೆ ಎಂದು ಬರೆಯಿರಿ. ನಾನೇ ಬಂದು ನೋಡಬೇಕು ಎನಿಸುತ್ತದೆ. ಇಲ್ಲಿ ರಜೆ ಸಿಗುವುದಿಲ್ಲ, ಕೇಳಲು ಬಾಯಿಯೂ ಬರುವುದಿಲ್ಲ.

ಸಭೆಯಲ್ಲಿ ಚಪ್ಪಾಳೆ ಬಿದ್ದವು. ನನ್ನ ಹೆಸರು ಕೊನೆಯಲ್ಲಿ ಹೇಳಿದರಂತೆ. ಬೇಸಿಗೆಯ ಹೊತ್ತಿಗೆ ನೌಕರಿ ಪಕ್ಕಾ ಆಗಬಹುದು.

ಮರು ಟಪಾಲಿಗೆ ಉತ್ತರ ಬರಲಿ.

ನಿಮ್ಮ ಅಪ್ಪಾಸಾಬ


ಡಫಳಾಪುರ
19 ಅಕ್ಟೋಬರ್ 1975

ಡಾಕ್ಟರ್ ಅಪ್ಪಾಸಾಬ ಇವರಿಗೆ, ಅಂಗಡಿ ಗುರಪ್ಪ, ನಿನ್ನ ಕಾಕಾ, ಬರಿಯೂದು.

ಅಂಗಡ್ಯಾಗ ಕುಂತು ಬರೀತೀನಿ. ನಿನ್ನ ಕಾಕೂಗ ಗೊತ್ತಿಲ್ಲ. ನನಗ ಪತ್ರ ಬರದು ರೂಢಿ ಇಲ್ಲ, ತಪ್ಪು ಇದ್ರ ಸಾವರಿಸಿಕೊ.

ಅಕಿ ನಡಿಯೂದಿಲ್ಲ. ದೀಪಾವಳಿ ಸಾಮಾನು ಬಂದಾಗಿಂದ ಹೊರಸು ಬಿಟ್ಟು ಎದ್ದಿಲ್ಲ. ಅದಕ್ಕೂ ಮೊದಲ ಗ್ವಾಡಿ ಹಿಡಕೊಂಡು ಅಡಗಿ ಮನಿತನಕ ಹೋಗತಿದ್ದಳು. ಹೊಲಿಗಿ ಹಾಕಿದಲ್ಲೆ ಒಂದು ಗುಳ್ಳಿ ಎದ್ದು ಒಡೀತು. ಹೋದ ಸಂಕ್ರಾಂತಿ ಮುಂದಿಂದೇ ಅದು. ಅರಿವಿ ಇಟ್ಟು ಕಟಗೊಂಡು ನನಗೂ ಮುಚ್ಚಿಟ್ಟಳು. ವಾಸನಿ ಬಂದ ಮ್ಯಾಲೆ ತಿಳೀತು. ನಿನ್ನ ಆಗಸ್ಟ ಪತ್ರ ಬಂದಾಗ ನಾ ಬರೀತೀನಿ ಅಂದೆ. ಕೈ ಹಿಡಕೊಂಡು ಕುಂತಳು. "ನಾ ನೋವು ಅಂದ್ರ ಅವನ ಮಾರ್ಕು ಕಡಿಮಿ ಆಗತಾವ, ಹುಡುಗನ ನೌಕರಿ ಹೋಗತದ. ಪರೀಕ್ಷಾದಾಗ ಕೂಸು ಬರೀಲಿಕ್ಕೆ ಕುಂತಾಗ ಅವ್ವನೇ ಪೆನ್ನು ಕಸಗೋತಾಳೇನು?" ಅಂದಳು.

ಅಪ್ಪಾಸಾಬ, ನಮಗ ಮಕ್ಕಳಿಲ್ಲ ಅಂತ ಈ ಊರು ಅಂತಿತ್ತು. ಅಕಿ ಎಂದೂ ಹಂಗ ಅಂದಿಲ್ಲ.

ಏನು ಮಾಡಲಿ ಲಗೂನ ಹೇಳು.

ಗುರಪ್ಪ


ಮುಂಬಯಿ
23 ಅಕ್ಟೋಬರ್ 1975

ಕಾಕೂ,

ಕಾಕಾಗೆ ತಂತಿ ಕೊಟ್ಟಿದ್ದೇನೆ. ಜೀಪು ಮಾಡಿಕೊಂಡು ಮಿರಜಿಗೆ ಬಂದು ರೈಲು ಹತ್ತಿ. ಸ್ಟೇಶನ್ನಿಗೆ ನಾನೇ ಬರುತ್ತೇನೆ. ಈ ಪತ್ರ ನಿಮ್ಮ ಕೈಗೆ ಸಿಗುವ ಮುಂಚೆ ನೀವು ಹೊರಟಿರಬೇಕು. ಆದರೂ ಬರೆಯದೆ ಇರಲು ಆಗಲಿಲ್ಲ.

ಮಾರ್ಕು ನನ್ನವು ಎಂದು ನಿಮಗೆ ಯಾರು ಹೇಳಿದರು? ಅವು ನಿಮ್ಮ ಕಾಲಿನವು. ಕಡಿಮೆ ಬಂದರೆ ನಾವು ಬೇಗ ಕಂಡುಹಿಡಿದು ಔಷಧ ಕೊಡುತ್ತೇವೆ, ಪ್ರಶ್ನೆ ಕೇಳುವುದೇ ಅದಕ್ಕೆ. ಹತ್ತು ಮಾರ್ಕು ಬರೆದಿದ್ದರೆ ನಾನು ಜನೇವರಿಯಲ್ಲೇ ಓಡಿಬರುತ್ತಿದ್ದೆ. ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ ಕಾಕೂ. ಸಿಟ್ಟಿಗಿಂತ ಹೆಚ್ಚಾಗಿ ಅಂಜಿಕೆ ಬಂದಿದೆ.

ಅಪ್ಪಾಸಾಬ


ಡಫಳಾಪುರ
27 ಅಕ್ಟೋಬರ್ 1975

ಅಪ್ಪಾಸಾಬಗ ಆಶೀರ್ವಾದ.

ತಂತಿಗಿಂತ ನಿನ್ನ ಪತ್ರ ಮೊದಲ ಬಂತು. ನಾಳೆ ಹೊಂಡತೀವಿ.

ಯಾರು ಹೇಳಿದ್ರು ಅಂತ ಕೇಳೀದಿ. ನೀನೇ ಬರದಿದ್ದೆಲ್ಲೋ, ನಿಮ್ಮ ಸಾಹೇಬರು ಹಂಗಂದ್ರು ಅಂತ. ಆ ಪತ್ರ ಓದಿ ಓದಿ ನನಗ ಪಾಠ ಆಗ್ಯದ. ನಿನ್ನ ಮ್ಯಾಲೆ ತಪ್ಪು ಹೊರಸಾಕ ಬರೀವಲ್ಲೆ. ನನಗ ತಿಳೀಲಿಲ್ಲ ಅಷ್ಟೇ. ನಾಲ್ಕನೇ ಇಯತ್ತೆ ಕಲ್ತಾಕಿ ನಾ. ಮಾರ್ಕು ಅಂದ್ರ ಪಾಸು ನಾಪಾಸು ಇಷ್ಟೇ ನನಗ ಗೊತ್ತು.

ಅಲ್ಲೆ ಮಂದಿ ಮುಂದ ಅಳಬ್ಯಾಡ. ನೀನೂ ಕಣ್ಣಾಗ ಧೂಳ ಬಿತ್ತು ಅನ್ನಾವ.

ಕಾಕು


ಮುಂಬಯಿ
15 ಜನೇವರಿ 1976

ಕಾಕೂ ಅವರಿಗೆ ಶರಣು.

ಊರು ಸುಖವಾಗಿ ಮುಟ್ಟಿದಿರೆಂದು ಕಾಕಾ ಬರೆದಿದ್ದಾರೆ. ಇಲ್ಲಿಂದ ಹೊರಡುವಾಗ ನಾನು ಹೆಚ್ಚು ಮಾತಾಡಲಿಲ್ಲ ಎಂದು ನಿಮಗೆ ಬೇಸರವಾಗಿರಬಹುದು. ಕೆಲಸದ ಗಡಿಬಿಡಿ ಇತ್ತು.

ಕೀವು ಎಲುಬಿಗೆ ಇಳಿದಿದ್ದರಿಂದ ಉಕ್ಕಿನ ಗುಂಡು, ಬಟ್ಟಲು ಎರಡನ್ನೂ ತೆಗೆಯಬೇಕಾಯಿತು. ಈಗ ಅಲ್ಲಿ ಕೀಲು ಇಲ್ಲ. ಕಾಲು ಗಿಡ್ಡವಾಗಿದೆ, ಬಲ ಕಡಿಮೆ. ಮಾತ್ರೆ ತಪ್ಪಿಸಬೇಡಿ. ಕೀವು ಪೂರ್ತಿ ನಿಂತರೆ ಒಂದು ವರ್ಷದ ಮೇಲೆ ಮತ್ತೆ ಹೊಸ ಕೀಲು ಹಾಕೋಣ. ಮತ್ತೆ ಪ್ಯಾಟೆಯಲ್ಲಿ ನಡೆದು ಹೋಗುತ್ತೀರಿ, ಕಾಕಾ ಮತ್ತೆ ಸಕ್ಕರೆ ಚೆಲ್ಲುತ್ತಾರೆ.

ಪ್ರಶ್ನೆ ಅವೇ ಇವೆ. ಈ ಸಲ ಕಡಿಮೆ ಬರಲಿ. ಎಷ್ಟು ಕಡಿಮೆ ಬಂದರೂ ನೀವೇ ನನ್ನ ಮೊದಲ ನಂಬರಿನವರು.

ನಿಮ್ಮ ಅಪ್ಪಾಸಾಬ


ಡಫಳಾಪುರ
8 ಫೆಬ್ರುವರಿ 1976

ಚಿರಂಜೀವಿ ಅಪ್ಪಾಸಾಬಗ ಆಶೀರ್ವಾದ.

ಖರೇ ಬರೀತೀನಿ, ನಿನ್ನ ಆಣಿ. ನೋವು ಅದ. ಹಗಲ ಹೊತ್ತು ತಡಕೋತೀನಿ. ನಡಿಗಿ ಇಲ್ಲ. ಕೋಲು ಎರಡೂ ಬಗಲಿಗೆ ಬಂದಾವ, ನಿಂತ್ರ ತಲಿ ತಿರಗತದ. ಬಸ್ಸು, ಮೆಟ್ಟಲ ಇವನ್ನ ಬಿಡು. ಮೋಜಾ ನಿನ್ನ ಕಾಕಾ ಹಾಕ್ತಾರ, ಎಡದ್ದು ಬಲಕ್ಕ. ಮಾರ್ಕು ಎಷ್ಟು ಬಂದುವು? ನಾಪಾಸ ಆದೆ ಕಾಣತದ.

ವರ್ಷದ ಮ್ಯಾಲೆ ಹೊಸಾ ಕೀಲು ಹಾಕೂಣು ಅಂದೀದಿ. ನೀ ಸಣ್ಣಾಂವ ಇದ್ದಾಗೂ ಸುಳ್ಳು ಹೇಳೂವಾಗ ಮಾತು ಜಾಸ್ತಿ ಆಡತಿದ್ದಿ. ಇರಲಿ. ನಾನೂ ಒಂದು ವರ್ಷ ನಿನಗ ಸುಳ್ಳು ಬರದೀನಿ, ಸರಿಗೆ ಸರಿ ಆತು.

ಒಂದು ಚಲೋ ಸುದ್ದಿ ಅದ. ನಿನ್ನೆ ಹಣಮವ್ವ ಸೀರಿ ಬದಲಿ ಮಾಡೂವಾಗ ಕಾಲು ತಾನೇ ಮಡಚಿತು. ಇಪ್ಪತ್ತು ವರ್ಷದಿಂದ ಸೆಟೆದ ಕಾಲು, ಅರಿವಿ ಹಂಗ ಮಡಚಿತು. ನೋವು ಆತು, ಆದ್ರ ನಾ ನಗಾಕ ಹತ್ತಿದೆ. ಹಣಮವ್ವಗ ಅಂಜಿಕಿ ಬಂತು, ಇವರನ್ನ ಕೂಗಿದಳು. ಯಾಕ ನಗತೀನಿ ಅಂತ ಅವರಿಬ್ಬರಿಗೂ ಹೇಳಲಿಲ್ಲ. ನಿನಗ ತಿಳೀತದ.

ನೌಕರಿ ಏನಾತು?

ನಿನ್ನ ಕಾಕು


ಮುಂಬಯಿ
20 ಏಪ್ರಿಲ್ 1976

ಕಾಕೂ ಅವರಿಗೆ ಶರಣು.

ಎರಡು ತಿಂಗಳಿಂದ ಬರೆಯಲಿಲ್ಲ, ಕ್ಷಮಿಸಿ. ನಿಮಗೆ ಇಪ್ಪತ್ತೆರಡು ಬಂದಿತ್ತು. ಆ ಅಂಕಿಯನ್ನು ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಓದಿದೆ, ಹಿಂದಿನ ನೂರು ಹೇಗೆ ಬಂತೆಂಬುದನ್ನೂ ಹೇಳಿದೆ. ನೌಕರಿ ಹೋದರೆ ಹೋಗಲಿ ಎಂದುಕೊಂಡಿದ್ದೆ. ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಯಾರಾದರೂ ರೋಗಿಯ ಮನೆಗೇ ಹೋಗಿ ಕೇಳಿಕೊಂಡು ಬರಬೇಕು ಎಂದರು ದೊಡ್ಡ ಡಾಕ್ಟರು. ಆ ಕೆಲಸ ನನಗೇ ಕೊಟ್ಟಿದ್ದಾರೆ. ನಿನ್ನೆ ಆರ್ಡರು ಕೈಗೆ ಬಂತು. ಪಕ್ಕಾ ಆಯಿತು ಕಾಕೂ.

ಮೊದಲು ನಿಮ್ಮ ಮನೆಗೇ ಬರುತ್ತೇನೆ, ಮೇ ಕೊನೆಗೆ. ಅಷ್ಟರೊಳಗೆ ರೂಢಿಯಂತೆ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿ.

ನಿಮ್ಮ ಅಪ್ಪಾಸಾಬ


ಡಫಳಾಪುರ
2 ಮೇ 1976

ಡಾಕ್ಟರ್ ಅಪ್ಪಾಸಾಬ ಇವರಿಗೆ, ಗುರಪ್ಪ ಬರಿಯೂದು.

ನೌಕರಿ ಪಕ್ಕಾ ಆದದ್ದು ಕೇಳಿ ಸಂತೋಷ ಆತು. ಓಣಿಗೆ ಸಕ್ಕರಿ ಹಂಚಿದೆ. ಮೊದಲ ಅಕಿ ಫೋಟೋದ ಮುಂದ ಇಟ್ಟೆ.

ನಿನ್ನ ಕಾಕು ಶಿವರಾತ್ರಿ ಮುಗದ ಮ್ಯಾಲೆ ಲಿಂಗೈಕ್ಯ ಆದಳು. ಕೀವು ಮೈಗೆಲ್ಲಾ ಏರಿತ್ತಂತ, ಜತ್ತಿನ ಡಾಕ್ಟರು ಹೇಳಿದ್ರು. ನಿನಗ ತಂತಿ ಕೊಡಾಕ ನಾ ಪೋಸ್ಟಿನ ತನಕ ಹೋಗಿ ತಿರಗಿ ಬಂದೆ. "ಅವನ ನೌಕರಿ ಪಕ್ಕಾ ಆಗೂತನಕ ಹೇಳಬ್ಯಾಡ್ರಿ, ಕೆಲಸ ಬಿಟ್ಟು ಓಡಿ ಬರ್ತಾನ" ಅಂತ ವಚನ ತಗೊಂಡಿದ್ದಳು. ಅಕಿ ಮಾತು ನಾ ಎಂದೂ ಮೀರಿದಾವ ಅಲ್ಲ. ನನ್ನ ಮ್ಯಾಲೆ ಸಿಟ್ಟು ಮಾಡಬ್ಯಾಡ.

ನೀ ಕೇಳಿದ್ದಕ್ಕ ಉತ್ತರ ಬರೀಲಿಲ್ಲ ಅಂದ್ರ ಅಕಿ ನನ್ನ ಬಿಡೂದಿಲ್ಲ. ಅದಕ್ಕ ಬರೀತೀನಿ.

ನೋವು ಇಲ್ಲ.

ಕೋಲು ಎರಡೂ ಅಟ್ಟದ ಮ್ಯಾಲೆ ಇಟ್ಟೀನಿ.

ನಡಿಗಿ ಕೇಳೀದಿ. ಓಣಿ ಮಂದಿ ಹೊತ್ತುಕೊಂಡು ಪ್ಯಾಟಿಯೊಳಗ ಹಾಯ್ದು ನಮ್ಮ ಹೊಲದತನಕ ಒಯ್ದರು. ಅಂಗಡಿ ಮುಂದ ಸ್ವಲ್ಪ ನಿಲ್ರಿ ಅಂದೆ, ನಿಂತರು.

ಮೆಟ್ಟಲ ಇದ್ದುವು. ನಮ್ಮ ಪದ್ಧತಿ ಪ್ರಕಾರ ಕುಣಿಗೆ ಮೂರು ಮೆಟ್ಟಲ ಕಡದಿದ್ದರು. ಅಕಿನ್ನ ಅದರ ಮ್ಯಾಲಿಂದ ಇಳಿಸಿದ್ವಿ.

ಮೋಜಾ ನಾನೇ ತಗದೆ. ಬರಿಗಾಲಲೇ ಹೋಗಲಿ ಅಂತ.

ಕುಂಡ್ರೂದು ಕೇಳೀದಿ. ಅಲ್ಲೇ ನನ್ನ ಜೀವ ಅಂಜಿತ್ತು. ನಮ್ಮ ಅವ್ವ ಆಡಿದ ಮಾತು ನನಗೂ ಗೊತ್ತಿತ್ತು, ಅಕಿ ಹೇಳದಿದ್ದರೂ. ಸ್ವಾಮಿಗಳು "ಕಾಲು ಹೆಂಗ?" ಅಂತ ನನ್ನ ಮಾರಿ ನೋಡಿದ್ರು. ನಾನೇ ಕೆಳಗ ಇಳದು ಕಾಲು ಹಿಡದೆ. ಯಾರೂ ಒತ್ತಲಿಲ್ಲ, ಮುರೀಲಿಲ್ಲ. ತಾನೇ ಮಡಚಿತು. ಎಡಗೈಯಾಗ ಲಿಂಗ ಇಟ್ಟಿವಿ. ಚಕ್ಕಳಮಕ್ಕಳ ಹಾಕಿ ನೆಟ್ಟಗ ಕುಂತಳು, ಅಪ್ಪಾಸಾಬ.

ಎಷ್ಟು ಮಾರ್ಕು ಆಗತಾವೋ ನೀನೇ ಹಾಕು. ನಲವತ್ತು ವರ್ಷ ಅಂಗಡಿ ಮಾಡಿದಾವ ನಾ, ಇದನ್ನ ಕೂಡಸಾಕ ನನ್ನ ಕೈಲೆ ಆಗವಲ್ಲದು.

ಮೇ ಕೊನಿಗೆ ಬಾ. ರೊಟ್ಟಿ ಹಣಮವ್ವ ಮಾಡ್ತಾಳ, ಈಗ ತೆಳ್ಳಗ ಬರತಾವ.

ನಿನ್ನ ಕಾಕಾ
ಗುರಪ್ಪ